ಸತ್ಯ ಹೇಳಿದವರಿಗೆ ಕೊನೆಯ ಸರದಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಣ್ಣನದೊಂದು ಅಂಗಡಿಯಿದೆ. ಚೀಲ, ಕೊಡೆ, ಸೂಟ್‌ಕೇಸುಗಳ ರಿಪೇರಿ ಅವನ ಕಸುಬು. ಜಿಪ್ ಕೆಲಸವೇ ಹೆಚ್ಚಾದ್ದರಿಂದ ಓಣಿಯವರಿಗೆ ಅವನು ಜಿಪ್ ಮಾಮ. ಐವತ್ತು ದಾಟಿದ ಈ ಮನುಷ್ಯ ತನ್ನ ಅಂಗಡಿಯಲ್ಲಿ ಒಂದು ಕಾನೂನು ನಡೆಸಿಕೊಂಡು ಬಂದಿದ್ದಾನೆ. ಸಾಮಾನು ಹೇಗೆ ಹಾಳಾಯಿತೆಂದು ಗಿರಾಕಿ ಹೇಳಲೇಬೇಕು, ಆದರೆ ನಿಜ ಹೇಳಕೂಡದು. ಒಳ್ಳೆಯ ಸುಳ್ಳಿಗೆ ಮೊದಲ ಸರದಿ, ಸತ್ಯಕ್ಕೆ ಕೊನೆಯದು. ಸದಾ ಗಂಟುಮುಖದ ಬ್ಯಾಂಕ್ ಅಧಿಕಾರಿಯೊಬ್ಬರು ಅಲ್ಲಿ ಬೆವರುತ್ತ ನಿಂತು, ಮೋಡವೊಂದು ಇಳಿದು ಬಂದು ತಮ್ಮ ಕೊಡೆಯನ್ನು ಹಿಡಿದು ಜಗ್ಗಿದ ಕಥೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮೋಡ ಕಪ್ಪಗಿತ್ತೋ ಬೆಳ್ಳಗಿತ್ತೋ ಎಂದು ಅಣ್ಣ ಗಂಭೀರವಾಗಿ ವಿಚಾರಿಸಿದ್ದ.

ನಾನು ಹೇಳಹೊರಟಿರುವುದು ಅವನ ಹೆಂಡತಿಯ, ಅಂದರೆ ನನ್ನ ಅತ್ತಿಗೆಯ ಮಾತು.

ಅತ್ತಿಗೆಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಯನ್ನು ದೀಪದ ಕೆಳಗೆ ಹರವಿ, ಕಾಲರಿನಿಂದ ಕೆಳಅಂಚಿನವರೆಗೆ ಬೆರಳಾಡಿಸಿ, ಹೊಲಿಗೆ ತಪ್ಪಿದಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸಬೇಕು. ಇಡೀ ದಿನ ತಪ್ಪು ಹುಡುಕಿದ ಕಣ್ಣು ಮನೆಗೆ ಬಂದೊಡನೆ ಕುರುಡಾಗುವುದಿಲ್ಲ. ಮನೆಯಲ್ಲಿ ಆ ಕಣ್ಣಿಗೆ ಕಾಣುತ್ತಿದ್ದವನು ಬೇರೆಯೇ ಒಬ್ಬ ಗಂಡ: ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಹೂಂ ಊಹೂಂಗಳಲ್ಲಿ ಊಟ ಮುಗಿಸಿ, ಟಿವಿಯ ಎದುರು ಮರದ ಕೊರಡಿನಂತೆ ಕೂರುವವನು.

ಅಂಗಡಿಯ ಗಂಡನ ಸುದ್ದಿ ಆಕೆಗೆ ಬರುತ್ತಿದ್ದುದು ಕಾರ್ಖಾನೆಯ ಊಟದ ಬಿಡುವಿನಲ್ಲಿ. ಗುಂಡಿ ಹಾಕುವ ಯಂತ್ರದಲ್ಲಿ ದುಡಿಯುವ ಹೆಂಗಸೊಬ್ಬಳು, ಅತ್ತಿಗೆಯೇ ಅವನ ಹೆಂಡತಿಯೆಂಬುದು ತಿಳಿಯದೆ, ಜಿಪ್ ಮಾಮನ ಚೇಷ್ಟೆಗಳನ್ನು ಬಣ್ಣಿಸುತ್ತಿದ್ದಳು. ತನ್ನ ಬ್ಯಾಗನ್ನು ಅವನು ಕಿವಿಗೆ ಹಿಡಿದು, ಇದು ನಿಮ್ಮ ಮೇಲೆ ಮುನಿಸಿಕೊಂಡಿದೆ, ಮೊದಲು ರಮಿಸಿ ಎಂದನಂತೆ. ಎಲ್ಲರೂ ನಕ್ಕ ಮೇಲೆ ಅವಳು ಸೇರಿಸಿದಳು: "ಅವನ ಹೆಂಡತಿ ಪುಣ್ಯ ಮಾಡಿರ್ಬೇಕು ಕಣ್ರೀ. ಮನೇಲಿ ಕೂತೇ ದಿನಾ ನಾಟಕ ನೋಡಬಹುದು."

ಆ ಪುಣ್ಯವಂತೆ ಅರ್ಧ ಊಟಕ್ಕೇ ಡಬ್ಬಿಯ ಮುಚ್ಚಳ ಹಾಕಿದಳು. ಹೊಟ್ಟೆಕಿಚ್ಚು ಹೊತ್ತಿಕೊಂಡದ್ದು ಆಗ. ಅಣ್ಣನ ಕೈಹೊಲಿಗೆ ಕೊನೆಯಲ್ಲಿ ಎರಡು ಗಂಟುಗಳಿಂದ ಮುಗಿಯುತ್ತದೆ, ಅತ್ತಿಗೆಯ ಕಣ್ಣಿಗೆ ಅದು ಅವನ ಸಹಿಯಿದ್ದಂತೆ. ಬಸ್ಸಿನಲ್ಲಿ ಪಕ್ಕದವಳ ತೊಡೆಯ ಮೇಲಿನ ಚೀಲದಲ್ಲಿ ಆ ಗಂಟು ಕಂಡರೆ ಸಾಕು, ಇವಳು ಯಾವ ಸುಳ್ಳು ಹೇಳಿರಬಹುದು, ಅವನು ಎಷ್ಟು ನಕ್ಕಿರಬಹುದು ಎಂಬ ಲೆಕ್ಕಾಚಾರ ಇಳಿಯುವ ನಿಲ್ದಾಣದವರೆಗೂ ನಡೆಯುತ್ತಿತ್ತು.

"ಒಬ್ಬಳಾಗಿದ್ರೆ ಜಡೆ ಹಿಡಿದು ಕೇಳಬಹುದಿತ್ತು" ಎಂದಳು ನನ್ನೊಡನೆ. "ಇದು ಇಡೀ ಓಣಿ ಕಣಪ್ಪ. ಹರಿದ ಚೀಲ ಇರೋರೆಲ್ಲ ನನ್ನ ಸವತೀರೇ."

ಒಮ್ಮೆ ಅಣ್ಣನನ್ನೇ ಕೇಳಿದಳಂತೆ, ಊರಿಗೆಲ್ಲ ಹಂಚುವ ನಗುವಿನಲ್ಲಿ ಮನೆಗೆ ಒಂದು ಚೂರೂ ಮಿಗುವುದಿಲ್ಲವೇ ಎಂದು. ಸುಸ್ತು ಕಣೇ ಎಂದು ಅವನು ಮಗ್ಗುಲಾದ. ಈ ವಿವರಣೆಯನ್ನು ನಾನು ನಂಬಲಾರೆ. ಬಳಸಿದಷ್ಟೂ ಬರಿದಾಗಲು ಆಟವೇನು ಬಿಂದಿಗೆಯ ನೀರಲ್ಲ. ನಾಯಿಗಳನ್ನು ಗಮನಿಸಿದವರಿಗೆ ಗೊತ್ತು: ಬೆಳೆದ ನಾಯಿಯೂ ಆಡುತ್ತದೆ, ಆದರೆ ಮೊದಲು ಮುಂಗಾಲು ಚಾಚಿ, ಎದೆ ನೆಲಕ್ಕೆ ತಗ್ಗಿಸಿ, ಇನ್ನು ನಡೆಯುವುದೆಲ್ಲ ಆಟ ಎಂದು ಎದುರಿನ ನಾಯಿಗೆ ಸೂಚಿಸುತ್ತದೆ. ಅಂಗಡಿಯಲ್ಲಿ ಆ ಕಾನೂನೇ ಸೂಚನೆ. ಮನೆಯಲ್ಲಿ ಯಾರೂ ಮೊದಲು ತಗ್ಗಿರಲಿಲ್ಲ, ಅಷ್ಟೆ. ಇದನ್ನು ಹೇಳಿದಾಗ ಅತ್ತಿಗೆ, ನಾಯಿಯ ಹೋಲಿಕೆ ನಿನ್ನ ಅಣ್ಣನಿಗಿರಲಿ ಎಂದು ಮೂಗು ಮುರಿದಳು.

ಆದರೆ ಒಂದು ರಜೆಯ ಮಧ್ಯಾಹ್ನ ಆಕೆಯೇ ಅಂಗಡಿಗೆ ಬಂದಳು. ನಾನು ಅಲ್ಲಿಯೇ ಇದ್ದೆ. ನನ್ನ ಕೈಚೀಲ ಹಳೆಯದಾಗಿ ಹರಿಯಿತೆಂದು ಹೇಳಿಬಿಟ್ಟಿದ್ದರಿಂದ ಕೊನೆಯ ಸರದಿ ಕಾಯುತ್ತ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದೆ. ಊಟದ ಡಬ್ಬಿಯ ಚೀಲ ಹಿಡಿದ ಅತ್ತಿಗೆ ನನ್ನ ಕಡೆ ತಿರುಗಿಯೂ ನೋಡದೆ ಸಾಲಿನಲ್ಲಿ ನಿಂತಳು. ತನ್ನ ಪಾಳಿ ಬಂದಾಗ ಚೀಲವನ್ನು ಕಟ್ಟೆಯ ಮೇಲಿಟ್ಟು, "ಅಂಗಡಿಯವರೇ, ಜಿಪ್ ಹೋಗಿದೆ" ಎಂದಳು.

ಅಣ್ಣನ ಇಕ್ಕಳ ನಿಂತಿತು. ಹಿಂದಿನ ಸಾಲು ಕಾಯುತ್ತಿತ್ತು. ಅವನು ಕೇಳಲೇಬೇಕಾಯಿತು: "ಹೇಗೆ ಹೋಯ್ತಮ್ಮಾ?"

"ನನ್ನ ಗಂಡ ಮನೇಲಿ ಬಾಯಿ ಮುಚ್ಚೋದೇ ಇಲ್ಲ ಕಣ್ರೀ. ಎದ್ದಾಗಿಂದ ಮಲಗೋ ತನಕ ಮಾತು, ನಗು, ಚೇಷ್ಟೆ. ಅಷ್ಟನ್ನೂ ಎಲ್ಲಿಡೋದು? ಮಿಕ್ಕಿದ್ದನ್ನ ಈ ಚೀಲಕ್ಕೆ ತುಂಬ್ತಾ ಬಂದೆ. ನಿನ್ನೆ ಒಂದು ಜೋಕು ಜಾಸ್ತಿ ಆಯ್ತು, ಹಲ್ಲು ಕಿತ್ಕೊಂಡು ಬಾಯಿ ಬಿಟ್ಟಿತು."

ಸಾಲು ನಕ್ಕಿತು. ಹಿಂದಿನಿಂದ ಯಾರೋ, ಅಂಥ ಗಂಡ ಸಿಗೋಕೂ ಅದೃಷ್ಟ ಬೇಕು ಎಂದರು. ಅತ್ತಿಗೆ ನಗಲಿಲ್ಲ. ತೀರ್ಪು ಕೊಡಬೇಕಾದವನು ಅಣ್ಣ. ಇದು ಸತ್ಯವೆಂದು ಅವನು ಹೇಳಿದರೆ ಆಕೆ ಸಾಲಿನ ಕೊನೆಗೆ ಹೋಗಬೇಕು. ಸುಳ್ಳೆಂದರೆ ತನ್ನ ಮನೆಯ ಮೌನವನ್ನು ಓಣಿಯ ನಡುವೆ ತಾನೇ ಒಪ್ಪಿಕೊಂಡಂತೆ. ಅವನು ಚೀಲವನ್ನು ಕಿವಿಗೆ ಹಿಡಿಯಲಿಲ್ಲ. ಬಹಳ ಹೊತ್ತು ಅದರೊಳಗೆ ನೋಡಿದ.

"ಈ ಅಂಗಡೀಲಿ ಇದಕ್ಕಿಂತ ದೊಡ್ಡ ಸುಳ್ಳು ಯಾರೂ ಹೇಳಿಲ್ಲ" ಎಂದ, ತಗ್ಗಿದ ದನಿಯಲ್ಲಿ. "ಮೊದಲ ಸರದಿ ನಿಮ್ದು."

ಜಿಪ್ಪನ್ನು ಎಳೆಯುವ ರನ್ನರ್ ಬದಲಿಸಿ, ಬಿಚ್ಚಿದ ತುದಿ ಹೊಲಿದು, ಹಲ್ಲುಗಳಿಗೆ ಮೇಣದ ಬತ್ತಿ ತಿಕ್ಕಿ ಕೊಟ್ಟ. ಅತ್ತಿಗೆ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ ನೋಡಿ, ಕೆಂಪು ಸ್ಟಿಕ್ಕರಿಗೆ ಜಾಗ ಸಿಗದೆ, ಹೊರಟುಹೋದಳು.

ಮನೆಯಲ್ಲಿ ಕೆಲವು ದಿನ ಏನೂ ಬದಲಾಗಲಿಲ್ಲವಂತೆ. ಆಮೇಲೊಂದು ಸಂಜೆ ಅಣ್ಣ ತನ್ನ ಬಿಳಿ ಅಂಗಿಯನ್ನು ಚಾಚಿ, ಗುಂಡಿ ಹೋಗಿದೆ ಎಂದ.

"ಹೇಗೆ ಹೋಯ್ತು?" ಎಂದಳು ಅತ್ತಿಗೆ.

"ಹೇಗೆ ಅಂದ್ರೆ... ಬಿತ್ತು."

"ಇದು ಸತ್ಯ. ಕೊನೆ ಸರದಿ."

ಅಂಗಿ ಬಾಗಿಲ ಹಿಂದಿನ ಮೊಳೆಗೆ ಏರಿತು. ಪರದೆಯ ಅಂಚು, ದಿಂಬಿನ ಚೀಲ, ಪಕ್ಕದ ಮನೆಯ ಮಗುವಿನ ಲಂಗ ಎಲ್ಲವೂ ಅತ್ತಿಗೆಯ ಕೈಯಲ್ಲಿ ಹೊಲಿಗೆ ಕಂಡವು. ಅಂಗಿ ಮಾತ್ರ ಅಲ್ಲೇ ತೂಗುತ್ತಿತ್ತು. ಓಣಿಗೆಲ್ಲ ಸುಳ್ಳು ಕಲಿಸಿದ ಮೇಷ್ಟ್ರಿಗೆ ಮನೆಯಲ್ಲಿ ಒಂದೂ ಹುಟ್ಟುತ್ತಿಲ್ಲ ಎಂದು ಅತ್ತಿಗೆ ನನಗೆ ದೂರು ಹೇಳಿದಳು. ದೂರಿನಲ್ಲಿ ಹಳೆಯ ಖಾರ ಇರಲಿಲ್ಲ.

ಮುಂದಿನ ಸಲ ನಾನು ಹೋದಾಗ ಅಣ್ಣ ಅದೇ ಅಂಗಿ ತೊಟ್ಟು ಪತ್ರಿಕೆ ಓದುತ್ತಿದ್ದ. ಬಿಳಿಯ ಅಂಗಿಗೆ ಗುಂಡಿಯನ್ನು ಕಡುಗೆಂಪು ದಾರದಲ್ಲಿ, ಬೇಕೆಂದೇ ಸೊಟ್ಟಗೆ, ಹೊಲಿಯಲಾಗಿತ್ತು. ಕಾರ್ಖಾನೆಯಲ್ಲಾಗಿದ್ದರೆ ಅತ್ತಿಗೆಯೇ ಆ ಅಂಗಿಯನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಏನು ಸುಳ್ಳು ಹೇಳಿದ ಎಂದು ಕೇಳಿದೆ.

"ಅದು ಅಂಗಡಿ ವಿಷಯ" ಎಂದಳು ಅತ್ತಿಗೆ. "ಹೊರಗಿನ ಗಿರಾಕಿಗಳಿಗೆ ಹೇಳಲ್ಲ."

ಪತ್ರಿಕೆಯ ಹಿಂದೆ ಅಣ್ಣನ ಹೆಗಲು ಕುಲುಕುತ್ತಿತ್ತು. ಎಷ್ಟು ಪೀಡಿಸಿದರೂ ಇಬ್ಬರೂ ಬಾಯಿ ಬಿಡಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ, ಒಂದಾದರೂ ಸಡಿಲವಾಗಿದೆಯೇ ಎಂದು, ನನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಎಲ್ಲವೂ ಭದ್ರವಾಗಿದ್ದವು.