ಕೂಗುವ ಬಸವರಾಜ, ಕೂಗದ ನಿಕ್

1990ರಲ್ಲಿ ನಾನು ಕುವೈತಿನ ಅಬು ಹಲೀಫಾದಲ್ಲಿ ಒಂದು ಖಾಸಗಿ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ಆಗಿದ್ದೆ. ತೈಲ ಕಂಪನಿಗಳಲ್ಲಿದ್ದ ಆಸ್ಟ್ರೇಲಿಯನ್ನರು ಕಟ್ಟಿಕೊಂಡಿದ್ದ ಫುಟ್‌ಬಾಲ್ ಕ್ಲಬ್ಬಿನ ಗಾಯಾಳುಗಳೂ ನನ್ನ ಪಾಲಿಗೇ ಬಂದಿದ್ದರು. ಅದು ನಾವು ಬಲ್ಲ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯನ್ ರೂಲ್ಸ್. ಮೊಟ್ಟೆಯಾಕಾರದ ಚೆಂಡು, ಅದನ್ನು ಹಿಡಿದವನ ಮೇಲೆ ಬಿದ್ದು ನೆಲಕ್ಕೆ ಕೆಡವಬಹುದು. ಮೈಸೂರಿನಲ್ಲಿ ಕ್ರಿಕೆಟ್ ನೋಡಿಕೊಂಡು ಬೆಳೆದ ನನಗೆ ಇದು ಆಟವೋ ಹೊಡೆದಾಟವೋ ಎಂದು ತಿಳಿಯಲು ಒಂದು ಸೀಸನ್ನೇ ಬೇಕಾಯಿತು.

ಕ್ಲಬ್ಬಿನಲ್ಲಿ ಎರಡು ತಂಡಗಳಿದ್ದವು. ಹೊಸಬರನ್ನು ಹಂಚಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಿದ್ದರು: ಸೋತ ತಂಡಕ್ಕೆ ಮೊದಲ ಆಯ್ಕೆ. ಆ ಬೇಸಿಗೆಯಲ್ಲಿ ಸೋತವರು ಇಬ್ಬರನ್ನು ಆರಿಸಿಕೊಂಡರು. ಒಬ್ಬ ನಿಕ್, ಗ್ರೀಕ್ ಮನೆತನದ ಆಸ್ಟ್ರೇಲಿಯನ್ ಸರ್ವೇಯರ್, ಕಪ್ಪು ಕೂದಲು, ಬಿಸಿಲಿಗೆ ಕಂದಿದ ಮೈ. ಇನ್ನೊಬ್ಬ ಅವನ ಕಂಪನಿಯಲ್ಲೇ ವೆಲ್ಡರ್ ಆಗಿದ್ದ ನಮ್ಮ ಬಾಗಲಕೋಟೆ ಕಡೆಯ ಬಸವರಾಜ. ಕಬಡ್ಡಿ ಆಡಿ ಬೆಳೆದ ಆಳು, ಆನೆಯಂತಹ ಭುಜ.

ಹೊಸಬರಿಗೆ ಕೋಚ್ ಕಲಿಸುತ್ತಿದ್ದ ಮೊದಲ ಪಾಠ ಒಂದೇ: ಏಟು ಬಿದ್ದರೆ ಸದ್ದು ಮಾಡಬೇಡ, ನೋವಾದ ಜಾಗ ಮುಟ್ಟಿಕೊಳ್ಳಬೇಡ, ಎದುರಾಳಿ ಮತ್ತೆ ಅಲ್ಲಿಗೇ ಹೊಡೆಯುತ್ತಾನೆ. ನನಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನೋವು ಎಲ್ಲಿದೆ ಎಂದು ಹೇಳದವನಿಗೆ ನಾನು ಏನಂತ ಚಿಕಿತ್ಸೆ ಕೊಡಲಿ? ನಿಕ್ ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಬೆರಳು ಕೀಲು ತಪ್ಪಿದ್ದರೂ ನಗುತ್ತಾ ನಿಲ್ಲುತ್ತಿದ್ದ. ಬಸವರಾಜ ಮಾತ್ರ ಮೈಗೆ ಮೈ ತಾಕಿದರೆ ಸಾಕು, ಇಡೀ ಮೈದಾನ ತಿರುಗಿ ನೋಡುವಂತೆ "ಯವ್ವಾ!" ಎನ್ನುತ್ತಿದ್ದ. ಕೋಚ್ ಬೈದರೆ ನನ್ನ ಹತ್ತಿರ ಬಂದು, "ಬಡದ್ರೂ ಒದರಬಾರ್ದಂದ್ರ ಹೆಂಗ್ರಿ ಅಕ್ಕಾರ? ಮತ್ತ ಬಾಯಿ ಯಾತಕ್ಕ ಐತ್ರಿ?" ಎಂದು ಕೇಳುತ್ತಿದ್ದ. ನಾನು ಅವನ ಪಕ್ಷವೇ.

ಆಗಸ್ಟ್ ಎರಡರಂದು ಇರಾಕಿ ಸೇನೆ ಕುವೈತಿಗೆ ನುಗ್ಗಿತು. ಕೋಚ್ ರಜೆಗೆಂದು ಊರಿಗೆ ಹೋಗಿದ್ದ. ನನ್ನ ಯಜಮಾನರೂ ಮಗಳೂ ಮೈಸೂರಿನಲ್ಲಿದ್ದರು, ಪುಣ್ಯಕ್ಕೆ. ಕೆಲವೇ ದಿನಗಳಲ್ಲಿ ಸೈನಿಕರು ಪಾಶ್ಚಾತ್ಯರನ್ನು ಹುಡುಕಿ ಒತ್ತೆಯಾಳುಗಳಾಗಿ ಒಯ್ಯತೊಡಗಿದರು. ಭಾರತೀಯರು ಹೇಗೋ ಓಡಾಡಬಹುದಿತ್ತು. ನಿಕ್ ಬಸವರಾಜನ ಕೋಣೆಯಲ್ಲಿ ಅಡಗಿದ್ದ. ಸೈನಿಕರು ಅಬು ಹಲೀಫಾದ ಮನೆಮನೆಯನ್ನೂ ಜಾಲಾಡಲು ಶುರುಮಾಡಿದಾಗ, ಅವನನ್ನು ಫರ್ವಾನಿಯಾದ ನನ್ನ ಗೆಳತಿಯ ಫ್ಲ್ಯಾಟಿಗೆ ಸಾಗಿಸುವುದೆಂದು ತೀರ್ಮಾನಿಸಿದೆವು.

ರಜೆಗೆ ಹೋಗಿದ್ದ ಗೋವಾದ ಅಂತೋನಿ ಎಂಬ ಅಡುಗೆಯವನೊಬ್ಬನ ಇಕಾಮಾ, ಅಂದರೆ ವಾಸದ ಪರವಾನಗಿ, ಸಿಕ್ಕಿತು. ನಿಕ್ ಅಂತೋನಿಯಾದ. ಆದರೆ ಬಾಯಿ ಬಿಟ್ಟರೆ ಮುಗಿಯಿತು. ಗಾಯಾಳುವನ್ನು ಯಾರೂ ಹೆಚ್ಚು ಮಾತಾಡಿಸುವುದಿಲ್ಲವೆಂದು ಅವನ ನೆಟ್ಟಗಿದ್ದ ಎಡಗಾಲಿಗೆ ಮಂಡಿಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದೆ. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಗಿತ್ತು. ನಿಕ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ನಾನೊಬ್ಬಳೇ ಹೊರಟಿದ್ದೆ, ಬಸವರಾಜ ಬಾಗಿಲು ತೆಗೆದು ಹಿಂದೆ ಕೂತುಬಿಟ್ಟ. "ನೀವು ಒಬ್ರ ಹೋಗೂದು ಬ್ಯಾಡ್ರಿ. ನನಗ ನಾಕು ಮಾತು ಅರಬ್ಬಿ ಬರ್ತೈತಿ" ಎಂದ.

ಫರ್ವಾನಿಯಾಕ್ಕೆ ಸ್ವಲ್ಪ ಮೊದಲು ಚೆಕ್‌ಪೋಸ್ಟ್. ಒಬ್ಬ ಸೈನಿಕ ಪ್ಲಾಸ್ಟರನ್ನು ಬೆರಳಲ್ಲಿ ತಟ್ಟಿ, ಒಳಗೆ ಏನು ಬಚ್ಚಿಟ್ಟಿದ್ದೀರಿ ಎಂದು ಕೇಳಿದ. ಕಾಲು ಮುರಿದಿದೆ ಎಂದು ಬಸವರಾಜ ತನ್ನ ಹರಕು ಅರಬ್ಬಿಯಲ್ಲಿ ಹೇಳಿದ. ಸೈನಿಕ ನಿಕ್‌ನನ್ನು ಹೊರಗೆಳೆದು ಬಂದೂಕಿನ ಹಿಡಿಯಿಂದ ಪ್ಲಾಸ್ಟರಿಗೆ ಹೊಡೆದ. ಇನ್ನೊಮ್ಮೆ ಹೊಡೆದಾಗ ಒಳಗೆ ಮೂಳೆ ಲಟಕ್ಕೆಂದಿತು. ಆ ಸದ್ದು ನನಗೆ ಗೊತ್ತು. ನಿಕ್ ತುಟಿ ಪಿಟಕ್ಕೆನ್ನಲಿಲ್ಲ, ಕಾಲು ಮುಟ್ಟಿಕೊಳ್ಳಲೂ ಇಲ್ಲ. ಕೋಚ್ ಕಲಿಸಿದ ಹಾಗೆಯೇ ನಿಂತಿದ್ದ, ದಡ್ಡ!

ಸೈನಿಕನ ಹುಬ್ಬು ಗಂಟಿಕ್ಕಿತು. ಮುರಿದ ಕಾಲಿಗೆ ಹೊಡೆದರೂ ಕೂಗದವನು ಎಂಥ ಅಡುಗೆಯವನು? ಬಂದೂಕಿನ ನಳಿಗೆ ನಿಕ್‌ನ ಎದೆಗೆ ತಿರುಗಿತು. ಅಷ್ಟರಲ್ಲಿ "ಯವ್ವಾ! ಸತ್ತನ್ರೋ!" ಎಂದು ಅರಚುತ್ತಾ ಬಸವರಾಜ ನಿಕ್‌ನ ಕಾಲಿನ ಮೇಲೆ ಬಿದ್ದ. ಸೈನಿಕರೆಲ್ಲ ಅವನತ್ತ ತಿರುಗಿದರು. ಬೂಟಿನಿಂದ ಹೊಟ್ಟೆಗೆ ಒದ್ದರು, ಪಕ್ಕೆಗೆ ಬಂದೂಕಿನಿಂದ ಜಜ್ಜಿದರು. ಅಡ್ಡ ಹೋದ ನನ್ನ ಕೆನ್ನೆಗೂ ಬಿತ್ತು. ಬಾಯಲ್ಲಿ ರಕ್ತ ಬಂತು. ಹಿಂದೆ ಕಾರುಗಳ ಸಾಲು ಬೆಳೆದಾಗ ಅಧಿಕಾರಿಯೊಬ್ಬ ಬಂದು "ಯಲ್ಲಾ, ಯಲ್ಲಾ" ಎಂದು ನಮ್ಮನ್ನು ಅಟ್ಟಿದ.

ಕಾರು ಹೊರಟ ಮೇಲೆ ನಾನು ನಿಕ್‌ನ ಕಾಲಿನ ಬಗ್ಗೆಯೇ ಕೇಳುತ್ತಿದ್ದೆ. ಸ್ವಲ್ಪ ದೂರ ಹೋದಾಗ ಹೊಳೆಯಿತು: ಬಸವರಾಜ ಕೂಗುತ್ತಿಲ್ಲ. ಕಾರು ನಿಲ್ಲಿಸಿ ನೋಡಿದರೆ ಮುಖ ಬೂದಿಯಾಗಿತ್ತು. ಹೊಟ್ಟೆ ಹಲಗೆಯಂತೆ ಗಟ್ಟಿ. "ಅಕ್ಕಾರ, ಎಡಗಡೆ ಹೆಗಲು ಹರೀತೈತ್ರಿ" ಎಂದು ಪಿಸುಗುಟ್ಟಿದ. ಹೊಟ್ಟೆಗೆ ಏಟು ಬಿದ್ದವನ ಎಡಹೆಗಲು ನೋಯುವುದು ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಒಳಗೆ ರಕ್ತ ಸೋರುತ್ತಿರುವುದರ ಲಕ್ಷಣ. ತಕ್ಷಣ ಆಪರೇಷನ್ ಆಗದಿದ್ದರೆ ಆಸೆ ಇಲ್ಲ. ಆದರೆ ಆಸ್ಪತ್ರೆಗಳ ಬಾಗಿಲಲ್ಲೆಲ್ಲ ಸೈನಿಕರ ಕಾವಲಿತ್ತು. ನಾನು ಸ್ಟಿಯರಿಂಗ್ ಹಿಡಿದು ಕೂತೇ ಇದ್ದೆ.

"ಆಸ್ಪತ್ರೆಗೆ ನಡೆಯಿರಿ" ಎಂದ ನಿಕ್.

"ನಿನ್ನನ್ನು ಹಿಡಿಯುತ್ತಾರೆ ಕಣೋ."

"ನನ್ನನ್ನು ಹಿಡಿಯುತ್ತಾರೆ, ಅಷ್ಟೇ ತಾನೇ? ನಡೆಯಿರಿ."

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ, ಒಳಗೇ ಮಲಗಿರು ಎಂದು ನಿಕ್‌ಗೆ ಹೇಳಿದೆ. ಆದರೆ ಬಸವರಾಜನಂಥ ದೊಡ್ಡ ಆಳನ್ನು ನನ್ನೊಬ್ಬಳ ಕೈಲಿ ಎತ್ತಲಾಗಲಿಲ್ಲ. ಸ್ಟ್ರೆಚರಿಗೆ ಕೂಗಿದೆ, ಯಾರೂ ಬರಲಿಲ್ಲ. ನಿಕ್ ಇಳಿದು, ಬಸವರಾಜನ ತೋಳನ್ನು ಕುತ್ತಿಗೆಗೆ ಹಾಕಿಕೊಂಡು, ನಿಜಕ್ಕೂ ಮುರಿದಿದ್ದ ಆ ಕಾಲನ್ನು ಊರುತ್ತಾ ಬಾಗಿಲವರೆಗೆ ನಡೆದ. ಕಾವಲಿನವನು ನೋಡಿಯೇಬಿಟ್ಟ: ಪ್ಲಾಸ್ಟರ್ ಕಾಲಿನವನು ಇನ್ನೊಬ್ಬನನ್ನು ಹೊತ್ತು ತರುತ್ತಿದ್ದಾನೆ! ನಿಲ್ಲಿಸಿ ಪ್ರಶ್ನೆ ಹಾಕಿದ. ನಿಕ್ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟ: "ನಾನು ಆಸ್ಟ್ರೇಲಿಯನ್. ಮೊದಲು ಇವನನ್ನು ಒಳಗೆ ಬಿಡಿ." ನಮ್ಮಿಬ್ಬರನ್ನು ಒಳಗೆ ಬಿಟ್ಟರು. ಅವನನ್ನು ಅಲ್ಲೇ ಗೋಡೆಗೆ ಒತ್ತಿ ಹೊಡೆಯುತ್ತಿದ್ದರು. ಒಳಗಿದ್ದ ನನಗೆ ಏಟಿನ ಸದ್ದು ಕೇಳುತ್ತಿತ್ತು, ಅವನ ಸದ್ದಿಲ್ಲ.

ಕೇರಳದ ಸರ್ಜನ್ ಒಬ್ಬರು ಬಸವರಾಜನ ಗುಲ್ಮ ತೆಗೆದು ಜೀವ ಉಳಿಸಿದರು. ಗಾಯ ಮಾಗಿದ ಮೇಲೆ ನಾವಿಬ್ಬರೂ ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಊರು ಸೇರಿದೆವು. ಒತ್ತೆಯಾಳುಗಳನ್ನು ಡಿಸೆಂಬರಿನಲ್ಲಿ ಬಿಟ್ಟರೆಂದು ರೇಡಿಯೋದಲ್ಲಿ ಕೇಳಿದೆ. ನಿಕ್‌ನ ಸುದ್ದಿ ಮಾತ್ರ ತಿಳಿಯಲಿಲ್ಲ.

ಯುದ್ಧ ಮುಗಿದು ಇರಾಕಿ ಸೇನೆ ತೊಲಗಿದ ಮೇಲೆ, 1991ರ ಕೊನೆಯಲ್ಲಿ ನಾನು ಅದೇ ಕ್ಲಿನಿಕ್ಕಿಗೆ ಮರಳಿದೆ. ಒಂದು ದಿನ ಕುಂಟುತ್ತಾ ಒಳಗೆ ಬಂದವನು ನಿಕ್. ತೈಲಬಾವಿಗಳ ದುರಸ್ತಿ ಕೆಲಸಕ್ಕೆ ಬಂದಿದ್ದನಂತೆ. ಕೂತವನೇ ಕೇಳಿದ್ದು, "ಬಸು ಇದ್ದಾನಾ?" ಇದ್ದಾನೆ, ಬಾಗಲಕೋಟೆಯಲ್ಲಿ ಮತ್ತೆ ವೆಲ್ಡಿಂಗ್ ಮಾಡುತ್ತಾನೆ ಎಂದೆ. ಅವನು ಬಗ್ಗಿ ಪ್ಯಾಂಟಿನ ಎಡಗಾಲನ್ನು ಮೇಲಕ್ಕೆ ಮಡಿಸಿದ.

ಕಾಲು ನೋಡಿದೆ. ಸೆರೆಯಲ್ಲಿ ಯಾರೂ ಸರಿಯಾಗಿ ಕೂರಿಸದ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಒತ್ತಿದೆ. ಎಂದಿನಂತೆ ಹಲ್ಲು ಕಚ್ಚಿ ನಕ್ಕ. ನನಗೆ ರೇಗಿಹೋಯಿತು. ನೋವನ್ನು ನುಂಗುವವನು ಬಹುಮಾನ ಗೆಲ್ಲುವುದಿಲ್ಲ, ಜೊತೆಯವರನ್ನು ಕತ್ತಲಲ್ಲಿಡುತ್ತಾನೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅಂದಿನಿಂದ ಇಂದಿನವರೆಗೆ, ಸುಮ್ಮನಿರುವ ರೋಗಿಯನ್ನೇ ನಾನು ಮೊದಲು ಮುಟ್ಟುವುದು.

"ಇಲ್ಲಿ ಸೈನಿಕರಿಲ್ಲ, ಕೋಚೂ ಇಲ್ಲ. ಕೂಗೋ, ಕತ್ತೆ!" ಎಂದು ಗದರಿ ಇನ್ನೊಮ್ಮೆ ಒತ್ತಿದೆ.

ಅವನ ಕಣ್ಣು ತುಂಬಿತು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹೊರಗೆ ಕೂತ ರೋಗಿಗಳೆಲ್ಲ ಎದ್ದು ನಿಲ್ಲುವಂತೆ ಕೂಗಿದ: "ಯವ್ವಾ!"