ಮ್ಯಾಲ ಏನೂ ಕಾಣಂಗಿಲ್ಲ ಅಂದೆ

ವೆಂಬ್ಲಿ ಹತ್ರದ ಗುಡ್ಡ ಇಳಿದು, ಬಸ್ಸಿನ್ಯಾಗ ಕೂತು ಬರಿಯಾಕತ್ತೀನಿ. ಧಾರವಾಡದಿಂದ ಬಂದ ಅತ್ತಿ ನಾಳೆ ವಾಪಸ್ ಹೋಗ್ತಾಳ. ಗುಡ್ಡದ ಮ್ಯಾಲಿಂದ ಲಂಡನ್ ಒಮ್ಮೆ ನೋಡ್ಬೇಕಂತ ಆಕಿಗೆ ಭಾಳ ಆಸೆ ಇತ್ತು. ಗುಡ್ಡದ ತುಂಬ ಬಿದ್ದಿದ್ದ ಹಿಮದಾಗ ಕಾಲು ಹೂತು ಹೋಗಬಾರ್ದಂತ ಬೂಟಿಗೆ ಕಟ್ಟೋ ಅಗಲ ಸ್ನೋಶೂ ಗೆಳೆಯಾನ ಕಡೆ ಒಂದ ಜೋಡಿ ಸಿಕ್ಕಿದ್ವು. ಅವನ್ನ ನಾನ ಹಾಕ್ಕೊಂಡೆ. ಅತ್ತಿ ಸೀರಿ ಎತ್ತಿ ಕಟ್ಟಿ, ಹೆಜ್ಜಿಗೊಮ್ಮೆ ಜಾರಾಕತ್ತಿದ್ಲು.

"ನೀ ಮುಂದ ಹೋಗಿ ನೋಡಿ ಬಾರಪಾ. ಏನರ ಕಂಡ್ರ ನಾನೂ ಬರ್ತೀನಿ," ಅಂದ್ಲು.

ಹೋದೆ. ಸ್ಟೇಡಿಯಮ್ಮಿನ ಕಮಾನು, ಅದರಾಚೆ ಇಡೀ ಊರು ಬೆಳ್ಳಗ ಕಾಣ್ತಿತ್ತು. ಆದ್ರ ಆಕಿನ್ನ ಕೈ ಹಿಡಿದು ಹತ್ತಸೂದು ಯಾರಿಗೆ ಬೇಕು ಅನ್ಸಿತು. ಕೆಳಗ ಬಂದು, "ಬರೇ ಮಂಜು ಐತಿ, ಏನೂ ಕಾಣಂಗಿಲ್ಲ," ಅಂದೆ.

"ಹೌದೇನ? ನಡಿ ಹಂಗಾರ," ಅಂತ ತಿರುಗಿದ್ಲು.

ನಾಯಿ ಹಿಡ್ಕೊಂಡು ಮ್ಯಾಲಿಂದ ಇಳಿದು ಬಂದ ಮುದುಕ ಒಬ್ಬಾವ ಆಕಿಗೆ ಇಂಗ್ಲಿಷಿನ್ಯಾಗ, ಇಂಥಾ ನೋಟ ಮತ್ತ ಸಿಗಂಗಿಲ್ಲ, ಹೋಗಿ ನೋಡ್ರಿ ಅಂದ. ಅತ್ತಿಗೆ ಇಂಗ್ಲಿಷ್ ಬರಂಗಿಲ್ಲ.

"ಏನಂತಾನ?"

"ಜಾರ್ತೈತಿ, ಹುಷಾರು ಅಂತಾನ."

ಅತ್ತಿ ಮುದುಕಗ ಕೈ ಮುಗಿದ್ಲು. "ಒಳ್ಳೆ ಮನುಷ್ಯಾ. ನಿನ್ನಂಗನ ಕಾಳಜಿ ಮಾಡ್ತಾನ ನೋಡು."

ನಾ ಬಗ್ಗಿ ಸ್ನೋಶೂದ ಪಟ್ಟಿ ಬಿಚ್ಚಿದೆ. ಬಿಚ್ಚಿದ ಮ್ಯಾಲೂ ಬಗ್ಗಿಕೊಂಡ ಇದ್ದೆ.