ಡಾಕ್ಟರಿಗೆ ಅಂಕ ಹಾಕುವ ಬಗೆ

ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದವನು ನಾನು. ಎದುರಿಗೆ ಬಂದವರಿಗೆಲ್ಲ ಮನಸ್ಸಿನಲ್ಲೇ ಅಂಕ ಹಾಕುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ. ಡಾಕ್ಟರುಗಳಿಗೂ ಹಾಕುತ್ತೇನೆ. ಬಾಗಿಲು ಸರಿಯಾದ ಹೊತ್ತಿಗೆ ತೆರೆಯಬೇಕು, ಟೋಕನ್ ಪ್ರಕಾರ ಕರೆಯಬೇಕು, ಮಾತು ಚುಟುಕಾಗಿರಬೇಕು.

ನಮ್ಮ ಜನರ ಅಳತೆಗೋಲುಗಳೇನೂ ಇದಕ್ಕಿಂತ ಮೇಲಲ್ಲ. ಒಬ್ಬರಿಗೆ ಕೈಗುಣ ಮುಖ್ಯ, ಇನ್ನೊಬ್ಬರಿಗೆ ಸೂಜಿ ಚುಚ್ಚದಿದ್ದರೆ ಅವರು ಡಾಕ್ಟರೇ ಅಲ್ಲ. ವಕ್ಕಲೇರಿಯಲ್ಲಿ ಹಸು ಸಾಕಿರುವ ನನ್ನ ತಂಗಿಯ ಗಂಡನಂತೂ, "ಭಾವ, ನಿಮ್ಮ ಡಾಕ್ಟ್ರಿಗಿಂತ ನಮ್ಮ ಹಸು ಡಾಕ್ಟ್ರೇ ವಾಸಿ. ಹಸುಗೆ ಮಾತು ಬರಲ್ಲ ಅಂತ ಗೊರಸಿಂದ ಕೊಂಬಿನವರೆಗೂ ಮುಟ್ಟಿ ನೋಡ್ತಾರೆ" ಎಂದು ಹಂಗಿಸಿದ್ದ. ನಕ್ಕುಬಿಟ್ಟಿದ್ದೆ.

ಶ್ರೀನಿವಾಸಪುರದ ನಮ್ಮ ಡಾಕ್ಟರಿಗೆ ನನ್ನ ಲೆಕ್ಕದಲ್ಲಿ ಪೂರ್ಣ ಅಂಕ. ನನ್ನ ಹೆಂಡತಿ ಸರಸ್ವತಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಹೋದರೆ ಅವರು ನನ್ನ ಮುಖ ನೋಡಿ "ಹೇಗಿದ್ದಾರೆ?" ಎನ್ನುವರು. "ಚೆನ್ನಾಗಿದಾಳೆ ಸಾರ್" ಎಂದು ವರದಿ ಒಪ್ಪಿಸುವೆ. ಚೀಟಿ ಕೈಗೆ ಬರುವುದು. ಅವಳು ಚೀಲ ಹಿಡಿದು ಪಕ್ಕದಲ್ಲಿ ಕೂತಿರುವಳು. ನಮ್ಮ ಕಡೆ ಹೆಂಗಸರ ಕಾಯಿಲೆಯನ್ನು ಗಂಡಸರೇ ಹೇಳುವುದು ರೂಢಿ.

ಈಚೆಗೆ ಆ ಡಾಕ್ಟರು ಮಗಳ ಮದುವೆಗೆಂದು ರಜೆ ಹಾಕಿದರು. ನಾವು ಬಸ್ಸು ಹತ್ತಿ ಕೋಲಾರದ ಒಬ್ಬ ಲೇಡಿ ಡಾಕ್ಟರ ಬಳಿಗೆ ಹೋದೆವು. ಕಾದು ಕಾದು ಬೆಂಚೇ ಸವೆಯಿತು. ಒಳಗೆ ಹೋದವರು ಹೊರಗೇ ಬರರು. ಕೂತಲ್ಲೇ ಅಂಕ ಕಳೆಯುತ್ತಿದ್ದೆ. ಕೊನೆಗೆ ನಮ್ಮ ಸರದಿ ಬಂತು. ನಾನು ವರದಿ ಶುರುಮಾಡಿದೆ.

"ಸಾರ್, ಒಂದ್ನಿಮಿಷ ಸುಮ್ಮನಿರ್ತೀರಾ? ಅಮ್ಮನೇ ಹೇಳ್ಲಿ."

ಸರಸ್ವತಿ ನನ್ನ ಮುಖ ನೋಡಿದಳು. ಅವಳ ತವರು ಮುಳಬಾಗಿಲಿನ ಕಡೆ, ಮನೆಮಾತು ತೆಲುಗು. ಡಾಕ್ಟರಿಗೆ ಅದು ಹೇಗೆ ಹೊಳೆಯಿತೋ, "ಚೆಪ್ಪಂಡಮ್ಮಾ, ಕಾಳ್ಳು ಎಲಾ ಉನ್ನಾಯಿ?" ಎಂದು ಕಾಲಿನ ವಿಚಾರ ಕೇಳಿದರು. ಅಷ್ಟೇ, ಇವಳ ಮಾತಿನ ಕಟ್ಟೆ ಒಡೆಯಿತು. ಪಾದ ಮರಗಟ್ಟಿ ಎಷ್ಟೋ ಕಾಲವಾಗಿತ್ತಂತೆ. ದಾರಿಯಲ್ಲಿ ಚಪ್ಪಲಿ ಕಳಚಿ ಹೋದರೂ ತಿಳಿಯುತ್ತಿರಲಿಲ್ಲವಂತೆ. ಡಾಕ್ಟರು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಬೆರಳು ಬಿಡಿಸಿ ನೋಡಿದರು. ಸಂದಿಯಲ್ಲಿ ಕಪ್ಪಗಾದ ಹುಣ್ಣು. ನೋವೇ ಇಲ್ಲದ್ದರಿಂದ ಅವಳಿಗೂ ಗೊತ್ತಿರಲಿಲ್ಲ.

"ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಅವರು ಅಲ್ಲಿಗೇ ನಿಲ್ಲಿಸಿದರು.

ಪಾದ ಉಳಿಯಿತು. ಎರಡು ಬೆರಳು ಹೋದವು.

"ಪಾದ ಮರಗಟ್ಟಿದ್ದನ್ನ ನನಗೆ ಯಾಕೆ ಹೇಳ್ಲಿಲ್ಲ?" ಎಂದು ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದೆ.

"ಚೆನ್ನಾಗಿದಾಳೆ ಅಂತ ನೀವೇ ಅಷ್ಟು ಜೋರಾಗಿ ಹೇಳ್ತಿದ್ರಲ್ಲ," ಎಂದಳು, "ನಿಮ್ಮ ಮಾತು ಯಾಕೆ ಸುಳ್ಳು ಮಾಡ್ಲಿ?"

ಒಳ್ಳೆಯ ಡಾಕ್ಟರನ್ನು ಗುರುತಿಸುವುದು ಹೇಗೆಂದು ಯಾರಾದರೂ ಕೇಳಿದರೆ ಈಗ ಇಷ್ಟೇ ಹೇಳುತ್ತೇನೆ: ಒಳಗೆ ಯಾರು ಹೆಚ್ಚು ಮಾತಾಡಿದರು ನೋಡಿ. ಕಾಯಿಲೆಯವರೇ ಆಗಿದ್ದರೆ, ಕಾದದ್ದು ದಂಡವಲ್ಲ.

ಈಗ ಡ್ರೆಸ್ಸಿಂಗಿಗೆ ಹೋದಾಗ ಅವಳೊಬ್ಬಳೇ ಒಳಗೆ ಹೋಗುತ್ತಾಳೆ. ಪರದೆಯಾಚೆಯಿಂದ ತೆಲುಗು ಕೇಳಿಸುತ್ತದೆ, ನಡುನಡುವೆ ನಗು. ಅವಳೊಳಗೆ ಇಷ್ಟೊಂದು ಮಾತಿತ್ತೇ ಎಂದು ಬೆರಗಾಗುತ್ತೇನೆ. "ಕಾಲು ಹೇಗಿದೆ?" ಎಂದು ಮನೆಯಲ್ಲಿ ನಾನೂ ಕೇಳಬಹುದಿತ್ತು. ಅದಕ್ಕೆ ಎಂ.ಬಿ.ಬಿ.ಎಸ್. ಬೇಕಿರಲಿಲ್ಲ.